ಸರ್ಜಾಪುರದಿಂದ ವೇಷಗಳ ಜಾತ್ರೆಗೆ

ಬೆಂಗಳೂರಿಗೆ ಹೊಸದಾಗಿ ಬಂದವರಿಗೆ ಸರ್ಜಾಪುರ ಎಂದರೆ ಒಂದು ರಸ್ತೆ. ಕೋರಮಂಗಲದ ಕಡೆಯಿಂದ ಹೊರಟು, ಇಬ್ಬಲೂರು ದಾಟಿ, ಎರಡೂ ಮಗ್ಗುಲಲ್ಲಿ ಬಹುಮಹಡಿ ಕಟ್ಟಡಗಳನ್ನು ನಿಲ್ಲಿಸಿಕೊಂಡು ಸಾಗುವ ಆ ರಸ್ತೆಯ ತುದಿಯಲ್ಲಿ ಅದೇ ಹೆಸರಿನ ಊರೊಂದಿದೆ ಎಂಬುದು ಅನೇಕರಿಗೆ ತಿಳಿಯದು. ಆನೇಕಲ್ ತಾಲ್ಲೂಕಿನ ಈ ಹೋಬಳಿ ಕೇಂದ್ರ ಒಂದು ಕಾಲಕ್ಕೆ ನೇಯ್ಗೆಗೆ ಹೆಸರಾಗಿತ್ತು. ತಮಿಳುನಾಡಿನ ಗಡಿ ಹತ್ತಿರವಾದ್ದರಿಂದ ಪೇಟೆ ಬೀದಿಯ ಒಂದೇ ಅಂಗಡಿಯ ಮುಂದೆ ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ.

2025ರ ಜನವರಿ 19, ಭಾನುವಾರ. ಸಂಕ್ರಾಂತಿ ಕಳೆದು ಐದು ದಿನವಾಗಿತ್ತು. ಅವರೆಕಾಯಿ ರಾಶಿ ಹಾಕಿಕೊಂಡು ಕುಳಿತ ಅಜ್ಜಿಯೊಬ್ಬರು ಬಸ್ಸಿಗೆ ಕಾಯುತ್ತಿದ್ದ ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಗುಲಾಬಿ ಬಣ್ಣದ ಅಗಲ ತೋಳಿನ ನಿಲುವಂಗಿ, ಅದರ ಮೇಲೆ ಕಪ್ಪು ಮೇಲಂಗಿ, ಸೊಂಟಕ್ಕೆ ಕೆಂಪು ಬಿಳಿ ಚೌಕುಳಿಯ ಪಟ್ಟಿ, ಕೊರಳಲ್ಲಿ ದಾರಕ್ಕೆ ಕಟ್ಟಿದ ಗೇಣುದ್ದದ ಬಿದಿರಿನ ತುಂಡು.

‘ಯಾವ ಸ್ಕೂಲಿನ ಡ್ರಾಮಾ ಕಣಮ್ಮ?’ ಎಂದರು ಅಜ್ಜಿ.

ಹುಡುಗಿ ನಾಚಿ ಅಪ್ಪನ ಕಡೆ ನೋಡಿದಳು. ‘ಡ್ರಾಮಾ ಅಲ್ಲಜ್ಜಿ, ಜಾತ್ರೆ. ವೈಟ್‌ಫೀಲ್ಡಲ್ಲಿ’ ಎಂದರು ಅಪ್ಪ.

‘ಯಾವ ದೇವರದು?’

ಈ ಪ್ರಶ್ನೆಗೆ ಅಪ್ಪನಲ್ಲಿ ಉತ್ತರವಿರಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು.

ಒಂದು ಒಪ್ಪಂದ

ಹುಡುಗಿ ಹತ್ತನೆಯ ತರಗತಿ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎರಡು ತಿಂಗಳು. ಮನೆಯಲ್ಲಿ ಆಗಿದ್ದ ಒಪ್ಪಂದ ಇಷ್ಟು: ಈ ಒಂದು ದಿನ ಕಾಮಿಕ್ ಕಾನ್‌ಗೆ ಹೋಗಿಬರುವುದು, ಬಂದ ಮೇಲೆ ಪರೀಕ್ಷೆ ಮುಗಿಯುವ ತನಕ ಚಿತ್ರದ ಪುಸ್ತಕ ಮುಟ್ಟುವಂತಿಲ್ಲ, ಪರೀಕ್ಷೆಯ ನಂತರ ವಿಜ್ಞಾನ ವಿಭಾಗ. ಮೂರನೆಯ ಷರತ್ತಿಗೆ ಹುಡುಗಿ ಹೂಂ ಎಂದಿರಲಿಲ್ಲ, ಉಹೂಂ ಎಂದೂ ಅಂದಿರಲಿಲ್ಲ.

ಅಪ್ಪ ಚಿತ್ರಕ್ಕೆ ಶತ್ರುವೇನಲ್ಲ. ಹಾಗೆ ನೋಡಿದರೆ ಅವರೇ ಒಂದು ಕಾಲದಲ್ಲಿ ಬೋರ್ಡ್ ಬರೆದು ಬದುಕಿದವರು. ಸುತ್ತಲಿನ ಊರುಗಳ ದಿನಸಿ ಅಂಗಡಿ, ಸಲೂನು, ಶಾಲೆಯ ಗೋಡೆ, ಲಾರಿಯ ಹಿಂಬದಿ ಎಲ್ಲದರ ಮೇಲೂ ಅವರ ಅಕ್ಷರವಿತ್ತು. ಕಂಪ್ಯೂಟರಿನಿಂದ ಅರ್ಧ ಗಂಟೆಯಲ್ಲಿ ಮುದ್ರಣವಾಗಿ ಬರುವ ಫ್ಲೆಕ್ಸ್ ಬಂದ ಮೇಲೆ ಕುಂಚ ಮೂಲೆ ಸೇರಿತು. ಈಗ ಶಾಲೆಯೊಂದರ ವ್ಯಾನ್ ಓಡಿಸುತ್ತಾರೆ. ‘ಚಿತ್ರ ಬರೆದು ಹೊಟ್ಟೆ ತುಂಬಿಸ್ಕೊಂಡೋರ ಕಥೆ ನನಗೆ ಹೇಳ್ಬೇಡ’ ಎಂಬ ಅವರ ಮಾತಿನ ಹಿಂದೆ ಇರುವುದು ಕೋಪವಲ್ಲ, ಅನುಭವ.

ಅಮ್ಮ ಹಿಂದೆ ಗಾರ್ಮೆಂಟ್ಸಿನಲ್ಲಿದ್ದವರು, ಈಗ ಮನೆಯಲ್ಲೇ ಹೊಲಿಗೆ. ಮಗಳು ತೋರಿಸಿದ ಚಿತ್ರ ನೋಡಿ ಅವರು ಮೊದಲು ಹೇಳಿದ್ದು, ‘ಇದರಲ್ಲಿ ಸೊಟ್ಟ ಕಟಿಂಗ್ ಒಂದೂ ಇಲ್ಲ, ಬರೀ ಉದ್ದ ಪಟ್ಟಿಗಳು, ಸುಲಭ’ ಎಂದು. ಜಪಾನಿನ ಕಿಮೋನೋ ನಿಜಕ್ಕೂ ಹಾಗೆಯೇ. ನೇರ ಪಟ್ಟಿಗಳನ್ನು ಜೋಡಿಸಿ ಹೊಲಿಯುವ ಉಡುಪು ಅದು. ಅದರ ಮೇಲಿನ ನಕ್ಷತ್ರದಂಥ ಎಲೆಯ ವಿನ್ಯಾಸ ಮಾತ್ರ ತೊಡಕಾಯಿತು. ಎರಡು ದಿನ ಸುಮ್ಮನಿದ್ದ ಅಪ್ಪ ಮೂರನೆಯ ರಾತ್ರಿ ಹಳೆಯ ಎಕ್ಸ್‌ರೇ ಹಾಳೆಯೊಂದನ್ನು ಕತ್ತರಿಸಿ ಅಚ್ಚು ಮಾಡಿ, ಸ್ಪಂಜಿನಲ್ಲಿ ಬಣ್ಣ ಒತ್ತಿಕೊಟ್ಟರು. ಟಿಕೆಟ್ಟಿನ ಬೆಲೆ ಕೇಳಿದ ಅಮ್ಮ ‘ನೀವಿಬ್ಬರೇ ಹೋಗ್ಬನ್ನಿ’ ಎಂದು ಉಳಿದುಕೊಂಡರು.

ದಾರಿಯಲ್ಲಿ

ದೊಮ್ಮಸಂದ್ರ, ಗುಂಜೂರು, ವರ್ತೂರು. ಹಿಂದೆ ರಾಗಿ ಹೊಲ, ತರಕಾರಿ ತೋಟಗಳಿದ್ದ ದಾರಿ. ಈಗ ನಡುವೆ ಅಲ್ಲೊಂದು ಇಲ್ಲೊಂದು ಹಸಿರು ಚೌಕ ಉಳಿದಿದೆ. ಬಸ್ಸಿನಲ್ಲಿ ಅಪ್ಪನಿಗೆ ಮಾತ್ರ ಟಿಕೆಟ್ಟು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದಾಗಿ ಮಗಳಿಗೆ ಶೂನ್ಯ ದರದ ಚೀಟಿ. ಕಂಡಕ್ಟರು ಚೀಟಿ ಕೊಡುವಾಗ ವೇಷವನ್ನೊಮ್ಮೆ, ಆಧಾರ್ ಕಾರ್ಡನ್ನೊಮ್ಮೆ ನೋಡಿ ನಕ್ಕರು.

ಅಪ್ಪ ಕೇಳಿದರು: ‘ಅದ್ಸರಿ, ಬಾಯಿಗೆ ಬಿದಿರು ಯಾಕೆ?’

ಮಗಳು ಕಥೆ ಹೇಳಿದಳು. ಜಪಾನಿನ ‘ಡೀಮನ್ ಸ್ಲೇಯರ್’ 2016ರಿಂದ 2020ರವರೆಗೆ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದ ಚಿತ್ರಕಥೆ. ನೆಜುಕೋ ಎಂಬ ಹುಡುಗಿ ರಾಕ್ಷಸಿಯಾಗಿಬಿಡುತ್ತಾಳೆ. ಅವಳು ಯಾರನ್ನೂ ಕಚ್ಚದಿರಲೆಂದು ಬಾಯಿಗೆ ಬಿದಿರು. ಅವಳನ್ನು ಮತ್ತೆ ಮನುಷ್ಯಳಾಗಿ ಮಾಡಲು ಅಣ್ಣ ಪೆಟ್ಟಿಗೆಯಲ್ಲಿ ಕೂರಿಸಿ ಬೆನ್ನ ಮೇಲೆ ಹೊತ್ತು ಊರೂರು ಅಲೆಯುತ್ತಾನೆ.

‘ಇಷ್ಟೇನಾ? ಇದು ನಮ್ಮ ಕಡೆ ಕಥೆ ಇದ್ದಂಗೇ ಇದೆಯಲ್ಲ’ ಎಂದರು ಅಪ್ಪ.

ವರ್ತೂರು ಕೋಡಿಯಲ್ಲಿ ಬಸ್ಸು ಬದಲಿಸಿದರೆ ಮುಂದಿನದು ವೈಟ್‌ಫೀಲ್ಡ್. 1882ರಲ್ಲಿ ಡಿ.ಎಸ್. ವೈಟ್ ಎಂಬುವರ ಮುಂದಾಳ್ತನದಲ್ಲಿ ಆಂಗ್ಲೋ ಇಂಡಿಯನ್ನರು ಬೇಸಾಯ ಮಾಡಿಕೊಂಡು ಬಾಳಲೆಂದು ಮೈಸೂರು ಅರಸರು ಕೊಟ್ಟ ಜಮೀನಿನಲ್ಲಿ ಎದ್ದ ಊರು ಇದು. ಹಳ್ಳಿಯಂತಿದ್ದ ಊರಿನ ಮಗ್ಗುಲಿಗೆ ಕೈಗಾರಿಕಾ ಪ್ರದೇಶ ಬಂತು, ಐಟಿಪಿಎಲ್ ಬಂತು. ಅದೇ ಕೈಗಾರಿಕಾ ಪ್ರದೇಶದಲ್ಲಿರುವ ಕೆಟಿಪಿಓ, ಅಂದರೆ ಕರ್ನಾಟಕ ವಾಣಿಜ್ಯ ಉತ್ತೇಜನ ಸಂಸ್ಥೆಯ ವಸ್ತುಪ್ರದರ್ಶನ ಕೇಂದ್ರದಲ್ಲಿ ಕಾಮಿಕ್ ಕಾನ್. ಕೇಂದ್ರದ ಐಟಿಪಿಓ ಮತ್ತು ರಾಜ್ಯದ ಕೆಐಎಡಿಬಿ ಸೇರಿ ಕಟ್ಟಿದ ಸಂಸ್ಥೆ ಅದು. ಉಳಿದ ದಿನಗಳಲ್ಲಿ ಯಂತ್ರೋಪಕರಣಗಳ, ವ್ಯಾಪಾರ ವಹಿವಾಟಿನ ಪ್ರದರ್ಶನಗಳು ನಡೆಯುವ ದೊಡ್ಡ ಕೊಟ್ಟಿಗೆಯಂಥ ಸಭಾಂಗಣಗಳು.

2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗದ ಮೆಟ್ರೊ ನಗರದ ಆಚೆ ತುದಿಯಿಂದ ವೈಟ್‌ಫೀಲ್ಡಿನವರೆಗೆ ಒಂದೇ ಓಟ ಓಡುತ್ತಿರುವುದರಿಂದ ಕೆಂಗೇರಿ, ವಿಜಯನಗರದ ಹುಡುಗರೂ ಸಲೀಸಾಗಿ ಬಂದಿಳಿಯುತ್ತಾರೆ. ಸರ್ಜಾಪುರದವರಿಗೆ ಆ ಭಾಗ್ಯವಿಲ್ಲ. ಹೆಬ್ಬಾಳದಿಂದ ಸರ್ಜಾಪುರದವರೆಗಿನ ಮೆಟ್ರೊ ಮಾರ್ಗಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದ್ದೇ 2024ರ ಡಿಸೆಂಬರ್‌ನಲ್ಲಿ. ಅಂತೂ ಇಪ್ಪತ್ತು ಕಿಲೋಮೀಟರಿನ ದಾರಿಗೆ ಅಪ್ಪ ಮಗಳಿಗೆ ಒಂದೂಮುಕ್ಕಾಲು ಗಂಟೆ ಹಿಡಿಯಿತು.

ಜಾತ್ರೆಯ ಹುಟ್ಟು

ಇಂಥ ಜಾತ್ರೆ ಮೊದಲು ನೆರೆದದ್ದು ಎಲ್ಲಿ? ಚಿತ್ರಕಥೆಯ ಪುಸ್ತಕಗಳನ್ನು ಜೋಪಾನ ಮಾಡುತ್ತಿದ್ದ ಕೆಲವರು ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ 1970ರಲ್ಲಿ ಕಲೆತರು. ಆ ವರ್ಷದ ಆಗಸ್ಟ್‌ನ ಮೂರು ದಿನಗಳ ಕೂಟಕ್ಕೆ ಬಂದವರು ಸುಮಾರು 300 ಮಂದಿ. ಇಂದು ಅದೇ ಕೂಟಕ್ಕೆ ಲಕ್ಷಕ್ಕೂ ಮೀರಿ ಜನ ಸೇರುತ್ತಾರೆ. ವೇಷದ ಕಥೆ ಇನ್ನೂ ಹಳೆಯದು. 1939ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ವಿಜ್ಞಾನ ಕಥೆಗಳ ಮೊದಲ ವಿಶ್ವ ಸಮ್ಮೇಳನಕ್ಕೆ ಫಾರೆಸ್ಟ್ ಅಕರ್ಮನ್ ಮತ್ತು ಮರ್ಟಲ್ ಡಗ್ಲಸ್ ಎಂಬಿಬ್ಬರು ಭವಿಷ್ಯದ ಮನುಷ್ಯರಂತೆ ಉಡುಪು ತೊಟ್ಟು ಬಂದಿದ್ದರು. ಆ ಉಡುಪುಗಳನ್ನು ಹೊಲಿದವರು ಮರ್ಟಲ್. ಮೆಚ್ಚಿದ ಪಾತ್ರದ ವೇಷ ತೊಡುವ ಈ ಹವ್ಯಾಸಕ್ಕೆ ‘ಕಾಸ್‌ಪ್ಲೇ’ ಎಂಬ ಹೆಸರು ಬಿದ್ದದ್ದು ಎಂಬತ್ತರ ದಶಕದಲ್ಲಿ, ಜಪಾನಿನಲ್ಲಿ.

ಭಾರತದ ಮೊದಲ ಕಾಮಿಕ್ ಕಾನ್ ನಡೆದದ್ದು 2011ರ ಫೆಬ್ರುವರಿಯಲ್ಲಿ, ದೆಹಲಿಯ ದಿಲ್ಲಿ ಹಾಟ್‌ನಲ್ಲಿ. ಜತಿನ್ ವರ್ಮಾ ಅದರ ಸ್ಥಾಪಕರು. ಆ ಮೊದಲ ಸಮಾವೇಶ ಜೀವಮಾನ ಸಾಧನೆಯ ಪ್ರಶಸ್ತಿ ಕೊಟ್ಟದ್ದು ನಮ್ಮ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರಿಗೆ. ‘ಅಮರ ಚಿತ್ರ ಕಥೆ’ಯ ಸಂಪಾದಕರಾಗಿ, 1980ರಲ್ಲಿ ‘ಟಿಂಕಲ್’ ಪತ್ರಿಕೆಯನ್ನು ಹುಟ್ಟುಹಾಕಿದವರಾಗಿ ಮಕ್ಕಳಿಗೆಲ್ಲ ‘ಅಂಕಲ್ ಪೈ’ ಆಗಿದ್ದವರು. ಪ್ರಶಸ್ತಿ ಸಂದ ಕೆಲವೇ ದಿನಗಳಲ್ಲಿ, ಅದೇ ತಿಂಗಳ 24ರಂದು, ಅವರು ತೀರಿಕೊಂಡರು. ಬೆಂಗಳೂರಿಗೆ ಈ ಸಮಾವೇಶ ಮೊದಲು ಬಂದದ್ದು 2012ರ ಸೆಪ್ಟೆಂಬರ್‌ನಲ್ಲಿ, ಕೋರಮಂಗಲದ ಒಳಾಂಗಣ ಕ್ರೀಡಾಂಗಣಕ್ಕೆ. ಬಳಿಕ ವೈಟ್‌ಫೀಲ್ಡ್ ಅದರ ನೆಲೆಯಾಯಿತು.

ಒಳಗೆ

ಬಾಗಿಲಲ್ಲೇ ತಪಾಸಣೆ. ಚೀಲ ಮಾತ್ರವಲ್ಲ, ಆಯುಧಗಳದ್ದೂ! ಕತ್ತಿ, ಕೊಡಲಿ, ಬಂದೂಕು, ತ್ರಿಶೂಲ ಹಿಡಿದು ಸಾಲುಗಟ್ಟಿದ ಹುಡುಗರ ಕೈಯಿಂದ ಒಂದೊಂದನ್ನೂ ತೆಗೆದು ಬಾಗಿಸಿ ನೋಡುತ್ತಾರೆ. ರಟ್ಟು, ಫೋಮು, ಪ್ಲಾಸ್ಟಿಕ್ಕಾದರೆ ಸರಿ. ನಿಜವಾದ ಅಲಗಿದ್ದರೆ ಹೊರಗೆ. ಹುಡುಗಿಯ ಬಿದಿರಿನ ತುಂಡನ್ನು ಕಾವಲುಗಾರ ತಟ್ಟಿ ನೋಡಿ, ‘ಇದು ಒರಿಜಿನಲ್ಲು’ ಎಂದು ನಕ್ಕು ಬಿಟ್ಟುಕೊಟ್ಟ.

ಒಳಗೆ ಕಾಲಿಟ್ಟರೆ ಕಣ್ಣು ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ. ಸ್ಪೈಡರ್‌ಮ್ಯಾನ್ ಒಬ್ಬನಲ್ಲ, ಹತ್ತಾರು ಮಂದಿ. ಒಬ್ಬ ಸ್ಪೈಡರ್‌ಮ್ಯಾನ್ ಮುಖವಾಡ ಎತ್ತಿ ಮಸಾಲೆಪುರಿ ತಿನ್ನುತ್ತಿದ್ದಾನೆ. ಎರಡಾಳೆತ್ತರದ ಉಕ್ಕಿನ ಮನುಷ್ಯ ನಡೆದು ಬಂದರೆ ಹಿಂದೆ ಇಬ್ಬರು ಗೆಳೆಯರು ಅವನ ರೆಕ್ಕೆ ಹಿಡಿದು ದಾರಿ ಬಿಡಿಸುತ್ತಿದ್ದಾರೆ. ಹತ್ತಿರ ಹೋದರೆ ಉಕ್ಕೆಲ್ಲ ಯೋಗದ ಚಾಪೆಯ ಫೋಮು! ಹುಡುಗಿಯಂತೆಯೇ ನೆಜುಕೋ ಆಗಿ ಬಂದವರು ಅಪ್ಪನ ಲೆಕ್ಕಕ್ಕೆ ಏಳು ಮಂದಿ. ಏಳರಲ್ಲಿ ಕೈಯಚ್ಚಿನ ಬಟ್ಟೆ ಒಂದೇ. ಆರನೆಯ ನೆಜುಕೋ ಬಂದು ಅಚ್ಚನ್ನು ಮುಟ್ಟಿ ನೋಡಿ, ‘ಎಲ್ಲಿ ತಗೊಂಡ್ರಿ?’ ಎಂದಾಗ ಹುಡುಗಿ ಅಪ್ಪನ ಕಡೆ ಬೆರಳು ತೋರಿಸಿದಳು. ಅಪ್ಪ ಮೀಸೆಯ ಮೇಲೆ ಕೈಯಾಡಿಸಿಕೊಂಡರು.

ಸರ್ಜಾಪುರದ ಸಂತೆಗೆ ಹಿಂದೆ ಹಗಲುವೇಷದವರು ಬರುತ್ತಿದ್ದರು. ಒಂದು ದಿನ ರಾಮ, ಇನ್ನೊಂದು ದಿನ ಭೀಮ, ಮತ್ತೊಂದು ದಿನ ಆಂಜನೇಯ. ಅಂಗಡಿ ಅಂಗಡಿಗೆ ಹೋಗಿ ಮಾತು ನುಡಿದು, ಪದ ಹಾಡಿ, ಕೊಟ್ಟದ್ದನ್ನು ಪಡೆದು ಹೋಗುವರು. ಅವರಿಗದು ಕುಲದ ಕಸುಬು. ಇಲ್ಲಿ ವೇಷ ಹಾಕಿದವರೇ ದುಡ್ಡು ಕೊಟ್ಟು ಬಂದಿದ್ದಾರೆ. ಆದರೆ ಬಣ್ಣ ಹಚ್ಚಿದವನ ನಿಲುವು ಬದಲಾಗುವುದು ಮಾತ್ರ ಅಲ್ಲೂ ಇಲ್ಲೂ ಒಂದೇ. ಮನೆಯಲ್ಲಿ ನೆಂಟರು ಬಂದರೆ ಒಳಕೋಣೆ ಸೇರುವ ಹುಡುಗಿ ಇಲ್ಲಿ ಬಿದಿರು ಕಚ್ಚಿಕೊಂಡು, ಅಪರಿಚಿತರ ಮುಂದೆ ಸೆಟೆದು ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದಳು. ಇಲ್ಲಿನ ಒಂದು ಶಿಷ್ಟಾಚಾರ ತಂದೆತಾಯಿಗಳಿಗೆ ಮೆಚ್ಚುಗೆಯಾಗುವಂಥದ್ದು: ಕೇಳದೆ ಯಾರ ಫೋಟೋವನ್ನೂ ತೆಗೆಯಬಾರದು, ಯಾರ ಉಡುಪನ್ನೂ ಮುಟ್ಟಬಾರದು.

ಇನ್ನೊಂದು ಮಾತನ್ನೂ ಹೇಳಬೇಕು. ಜಾತ್ರೆ ಎಂದ ಮೇಲೆ ಜೇಬಿಗೆ ಕತ್ತರಿ ಇದ್ದದ್ದೇ. ಟಿಕೆಟ್ಟಿನ ಜೊತೆ ಒಂದು ಕಾಮಿಕ್ ಪುಸ್ತಕ ಉಚಿತವಾಗಿ ಸಿಗುತ್ತದೆ, ನಿಜ. ಆದರೆ ಅಂಗೈಯಗಲದ ಗೊಂಬೆಗೆ ಸಾವಿರಗಟ್ಟಲೆ ಬೆಲೆ. ಅಂಗಿ, ಬಿಲ್ಲೆ, ಕೀಲಿಗೊಂಚಲು ಎಲ್ಲಕ್ಕೂ ಪಾತ್ರದ ಹೆಸರಿನ ಬೆಲೆ ಸೇರಿಕೊಂಡಿರುತ್ತದೆ. ಮೊದಲ ಸಭಾಂಗಣದ ಬಹುಪಾಲು ದೊಡ್ಡ ಕಂಪನಿಗಳ ಜಾಹೀರಾತು, ಆಟದ ಪರದೆಗಳು, ಕಿವಿ ಗುಂಯ್‌ಗುಡಿಸುವ ಸಂಗೀತ. ಅಲ್ಲಿಗೇ ನಿಂತು ಮನೆಗೆ ಮರಳಿದವರು ‘ಇಷ್ಟೇನಾ’ ಎಂದು ಗೊಣಗಿದರೆ ತಪ್ಪಿಲ್ಲ. ಜಾತ್ರೆಯ ತಿರುಳು ಇರುವುದು ಇನ್ನೂ ಒಳಗೆ, ಗದ್ದಲ ಕಡಿಮೆಯಾಗುವ ಕಡೆ.

ಕಲಾವಿದರ ಸಾಲು

ಅದು ಕಲಾವಿದರ ಸಾಲು. ಒಂದೊಂದು ಮೇಜು, ಒಂದೊಂದು ಕುರ್ಚಿ. ಮೇಜಿನ ಮೇಲೆ ತಾವೇ ಬರೆದು, ತಾವೇ ಅಚ್ಚು ಹಾಕಿಸಿದ ತೆಳು ಪುಸ್ತಕಗಳು, ಚಿತ್ರಗಳು. ಬರೆದವರೇ ಎದುರಿಗೆ ಕುಳಿತಿರುತ್ತಾರೆ, ಮಾತಾಡಿಸಿದರೆ ಮಾತಾಡುತ್ತಾರೆ. ಪುಸ್ತಕದಂಗಡಿಯಲ್ಲಿ ಇದು ಸಿಗುವಂಥದ್ದಲ್ಲ.

ಹುಡುಗಿ ಒಂದು ಮೇಜಿನ ಮುಂದೆ ಬಹಳ ಹೊತ್ತು ನಿಂತಳು. ಅಲ್ಲಿದ್ದ ಯುವಕ ‘ನೀವೂ ಡ್ರಾ ಮಾಡ್ತೀರಾ?’ ಎಂದು ಕೇಳಿದ್ದೇ ತಡ, ಚೀಲದಿಂದ ನೋಟ್‌ಬುಕ್ಕು ಹೊರಬಂತು. ಎಂಟು ಪುಟದ ಕಥೆ. ಸರ್ಜಾಪುರಕ್ಕೆ ದೂರವಲ್ಲದ ಹುಸ್ಕೂರಿನ ಮದ್ದೂರಮ್ಮನ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ನೂರಡಿಗೂ ಎತ್ತರದ ತೇರುಗಳನ್ನು ಎತ್ತು, ಟ್ರ್ಯಾಕ್ಟರುಗಳಿಂದ ಎಳೆದು ತರುತ್ತಾರಲ್ಲ, ಅದರದ್ದು. ನೊಗ ಹೊತ್ತ ಮುದಿ ಎತ್ತೊಂದು ತನ್ನ ಮರಿಮಗನ ವಯಸ್ಸಿನ ಎತ್ತಿಗೆ ದಾರಿಯುದ್ದಕ್ಕೂ ಊರಿನ ಕಥೆ ಹೇಳುತ್ತಾ ಹೋಗುತ್ತದೆ.

ಯುವಕ ನಿಧಾನವಾಗಿ ಪುಟ ತಿರುವಿದ. ಎತ್ತಿನ ಕಾಲಿನ ಗಂಟು ಎಲ್ಲಿ ಬಾಗಬೇಕೆಂದು ಪೆನ್ಸಿಲಿನಲ್ಲಿ ತೋರಿಸಿದ. ಜನಜಂಗುಳಿಯಲ್ಲಿ ಎಲ್ಲ ಮುಖವನ್ನೂ ಬಿಡಿಸಬೇಕಿಲ್ಲ, ಮುಂದಿನ ಐದು ಸಾಕು ಎಂದ. ಕೊನೆಗೆ, ‘ಚೆನ್ನಾಗಿದೆ. ಆದ್ರೆ ಹುಸ್ಕೂರಿನ ಎತ್ತು ಇಂಗ್ಲಿಷಲ್ಲಿ ಯಾಕೆ ಮಾತಾಡುತ್ತೆ?’ ಎಂದು ಕೇಳಿದ.

ಹುಡುಗಿ ಪೆಚ್ಚಾದಳು. ಓದಿದ್ದೆಲ್ಲ ಇಂಗ್ಲಿಷ್ ಕಾಮಿಕ್ಕು. ಮಾತೂ ಅದರಲ್ಲೇ ಬಂದಿತ್ತು. ‘ಕನ್ನಡದಲ್ಲಿ ಬರ್ದು ನೋಡ್ದೆ ಅಣ್ಣ, ಬಲೂನಿನೊಳಗೆ ಹಿಡಿಸ್ಲಿಲ್ಲ. ಒತ್ತಕ್ಷರ ಎಲ್ಲ ಒಂದ್ರ ಮೇಲೊಂದು ಕೂತ್ಕೊಳ್ತು’ ಎಂದಳು.

ಆತನೂ ತಲೆ ಕೆರೆದುಕೊಂಡ. ಅಷ್ಟು ಹೊತ್ತೂ ಸುಮ್ಮನಿದ್ದ ಅಪ್ಪ ಬಾಯಿಬಿಟ್ಟರು. ‘ನೀನು ಮೊದಲು ಗುಳ್ಳೆ ಬರ್ದು ಆಮೇಲೆ ಅಕ್ಷರ ತುಂಬ್ತೀಯ. ಅದಕ್ಕೇ ಹಿಡಿಸಲ್ಲ. ಮೊದಲು ಅಕ್ಷರ ಬರೀಬೇಕು, ಆಮೇಲೆ ಅದರ ಸುತ್ತ ಗೆರೆ. ಬೋರ್ಡಾದ್ರೂ ಅಷ್ಟೆ, ಬಾರ್ಡರ್ ಕೊನೇಗೆ.’

ಯುವಕ ಪೆನ್ನನ್ನು ಅವರತ್ತ ಚಾಚಿದ. ‘ಬರ್ದು ತೋರ್ಸಿ ಸರ್.’

ಅಪ್ಪ ಬಗ್ಗಿ ನಿಂತು ಖಾಲಿ ಹಾಳೆಯ ಮೇಲೆ ನಾಲ್ಕು ತೆಳು ಗೆರೆ ಎಳೆದರು. ನಡುವಿನೆರಡು ಅಕ್ಷರದ ಮೈಗೆ. ಮೇಲಿನದು ಗುಡಿಸು, ಏತ್ವಗಳಿಗೆ. ಕೆಳಗಿನದು ಒತ್ತಕ್ಷರಕ್ಕೆ. ‘ರಾಷ್ಟ್ರ ಅಂತ ಬರೆದ್ರೆ ಕೆಳಗೆ ಎರಡು ಮಹಡಿ ಇಳಿಯುತ್ತೆ. ಅದಕ್ಕೆ ಮೊದಲೇ ಜಾಗ ಬಿಡಬೇಕು. ಇಂಗ್ಲಿಷಿನ ಎರಡು ಸಾಲಿನ ಜಾಗ ಕನ್ನಡದ ಎರಡು ಸಾಲಿಗೆ ಸಾಲದು. ಇಲ್ದಿದ್ರೆ ಮಾತು ಕಮ್ಮಿ ಮಾಡ್ಬೇಕು.’ ಹೀಗೆ ಹೇಳುತ್ತಲೇ ‘ಮದ್ದೂರಮ್ಮ’ ಎಂದು ಬರೆದರು. ಎಷ್ಟೋ ವರ್ಷ ಕುಂಚ ಹಿಡಿಯದ ಕೈ. ಅಕ್ಷರ ಮಾತ್ರ ದುಂಡಗೆ ಮುತ್ತಿನಂತೆ ಕುಳಿತಿತ್ತು. ಪಕ್ಕದ ಮೇಜಿನವರೂ ಎದ್ದು ಬಂದು ನೋಡಿದರು. ಯುವಕ ತನ್ನ ಫೋನಿನಲ್ಲಿ ಅದರ ಫೋಟೋ ತೆಗೆದುಕೊಂಡ, ಕೇಳಿಯೇ.

ಮೊದಲ ಹತ್ತು ಕನ್ನಡದವು

ಕನ್ನಡ ಇಲ್ಲಿ ಮಾತಿನಲ್ಲಿ ಉಂಟು, ಮೇಜಿನ ಮೇಲೆ ಅಪರೂಪ. ಇಡೀ ಸಭಾಂಗಣ ಸುತ್ತಿದರೂ ಅಪ್ಪ ಮಗಳ ಕೈಗೆ ಕನ್ನಡದ ಒಂದು ಚಿತ್ರಕಥೆ ಪುಸ್ತಕ ಸಿಗಲಿಲ್ಲ. ಇದು ಸೋಜಿಗದ ಸಂಗತಿ. ಏಕೆಂದರೆ ದೇಶಕ್ಕೆಲ್ಲ ಹೆಸರಾದ ‘ಅಮರ ಚಿತ್ರ ಕಥೆ’ ಮೊದಲು ಅಚ್ಚಾದದ್ದೇ ಕನ್ನಡದಲ್ಲಿ! ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಯೋಚನೆಯಂತೆ 1965ರಲ್ಲಿ ಪಾಶ್ಚಾತ್ಯ ಕಿನ್ನರ ಕಥೆಗಳ ಹತ್ತು ಪುಸ್ತಕಗಳು ಆ ಹೆಸರಿನಲ್ಲಿ ಕನ್ನಡದಲ್ಲಿ ಬಂದವು, ಚೆನ್ನಾಗಿ ಮಾರಾಟವೂ ಆದವು. ಅನಂತ ಪೈ ಅವರು ಇಂಗ್ಲಿಷಿನಲ್ಲಿ ‘ಕೃಷ್ಣ’ ತಂದಾಗ ಅದಕ್ಕೆ ಬಿದ್ದ ಸಂಖ್ಯೆ 11. ಹಿಂದಿನ ಹತ್ತು ನಮ್ಮವು.

1949ರಿಂದ ಕನ್ನಡದಲ್ಲಿ ಬರುತ್ತಿದ್ದ ‘ಚಂದಮಾಮ’ದ ವಿಕ್ರಮ ಬೇತಾಳರ ಚಿತ್ರ ನೋಡಿ ಬೆಳೆದವರು ಎಷ್ಟು ಮಂದಿ! ಮೈಸೂರಿನ ಆರ್.ಕೆ. ಲಕ್ಷ್ಮಣ್ ಇನ್ನೂ ಎಳೆಯರಾಗಿದ್ದಾಗ ಚಿತ್ರ ಬರೆದುಕೊಟ್ಟದ್ದು ರಾಶಿಯವರ ‘ಕೊರವಂಜಿ’ಗೆ. ಇಂದು ಆ ಎರಡೂ ಪತ್ರಿಕೆಗಳಿಲ್ಲ. ಓದುವ ಮಕ್ಕಳು ಇದ್ದಾರೆ, ಬರೆಯಬಲ್ಲ ಮಕ್ಕಳೂ ಇದ್ದಾರೆ ಎಂಬುದಕ್ಕೆ ಆ ಭಾನುವಾರದ ನೂಕುನುಗ್ಗಲೇ ಸಾಕ್ಷಿ.

ಕಲಿಕೆಯ ಬಾಗಿಲುಗಳು

ಹೊರಗೆ ಹುಲ್ಲಿನ ಮೇಲೆ ಕುಳಿತು, ಮನೆಯಿಂದ ತಂದ ಅವರೆಕಾಳಿನ ಉಪ್ಪಿಟ್ಟು ತಿನ್ನುವಾಗ ಅಪ್ಪ ಆ ಯುವಕ ಹೇಳಿದ್ದನ್ನು ಮತ್ತೊಮ್ಮೆ ಮಗಳಿಂದ ಕೇಳಿ ತಿಳಿದುಕೊಂಡರು. ಅದು ಬೇರೆ ತಂದೆತಾಯಿಗಳಿಗೂ ಉಪಯುಕ್ತವಾದೀತು.

1960ರಲ್ಲಿ ಆರಂಭವಾದ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ, ಮೈಸೂರಿನ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜಿನಲ್ಲಿ ಪಿಯುಸಿಯ ನಂತರ ದೃಶ್ಯಕಲೆಯ ಪದವಿ ಇದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಂಥ ಕಡೆ ಪ್ರವೇಶ ಪರೀಕ್ಷೆಯ ಮೂಲಕ ಸೇರಬಹುದು. ಅಲ್ಲಿಗೆ ಪಿಯುಸಿಯಲ್ಲಿ ವಿಜ್ಞಾನವನ್ನೇ ಓದಿರಬೇಕೆಂಬ ಕಟ್ಟುಪಾಡಿಲ್ಲ. ಓದಿದ್ದರೆ ಅಡ್ಡಿಯೂ ಇಲ್ಲ. ಅನಿಮೇಷನ್, ಗೇಮಿಂಗ್, ಕಾಮಿಕ್ಸ್ ಉದ್ಯಮಕ್ಕೆಂದೇ ದೇಶದಲ್ಲಿ ಮೊದಲು ನೀತಿ ರೂಪಿಸಿದ ರಾಜ್ಯ ಕರ್ನಾಟಕ, ಅದು 2012ರಲ್ಲಿ. ವರ್ಷಕ್ಕೊಮ್ಮೆ ಇಷ್ಟು ಖರ್ಚು ಮಾಡಲಾಗದವರಿಗೆ ಪರಿಷತ್ತಿನ ಚಿತ್ರಸಂತೆ ಇದೆ. ಜನವರಿಯ ಆರಂಭದ ಭಾನುವಾರ ಕುಮಾರಕೃಪಾ ರಸ್ತೆಯುದ್ದಕ್ಕೂ ನಡೆಯುವ ಅದಕ್ಕೆ ಪ್ರವೇಶ ಶುಲ್ಕವಿಲ್ಲ. ಎಂ.ಜಿ. ರಸ್ತೆಯ ಬಳಿ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿಯೂ ಇದೆ.

ಇಷ್ಟೆಲ್ಲ ಇದ್ದರೂ ಅಪ್ಪನ ಪ್ರಶ್ನೆ ಸುಳ್ಳಾಗುವುದಿಲ್ಲ. ಮೇಜು ಹಾಕಿ ಕುಳಿತ ಆ ಯುವಕನೇ, ವಾರದ ಐದು ದಿನ ಜಾಹೀರಾತು ಸಂಸ್ಥೆಯಲ್ಲಿ ದುಡಿದು ರಾತ್ರಿ ಕಾಮಿಕ್ ಬರೆಯುತ್ತೇನೆ ಎಂದಿದ್ದ. ಫ್ಲೆಕ್ಸು ಬೋರ್ಡಿನವರನ್ನು ನುಂಗಿದಂತೆ ನಾಳೆ ಯಾವ ಯಂತ್ರ ಯಾರನ್ನು ನುಂಗೀತೋ! ಚಿತ್ರ ಬರೆಯುವ ಕಂಪ್ಯೂಟರಿನ ಮಾತು ಆ ಸಾಲಿನ ಪ್ರತಿ ಮೇಜಿನಲ್ಲೂ ಕೇಳಿಸುತ್ತಿತ್ತು.

ಸಂಜೆ ಮರಳುವಾಗ ವರ್ತೂರು ಬಸ್ಸಿನಲ್ಲಿ ಕಿಟಕಿ ಪಕ್ಕದ ಜಾಗ ಸಿಕ್ಕಿತು. ಹುಡುಗಿ ನಿದ್ದೆ ಹೋದಳು. ಅಪ್ಪ ನೋಟ್‌ಬುಕ್ಕು ತೆಗೆದು ಮೊದಲಿಂದ ಎಂಟೂ ಪುಟ ನೋಡಿದರು. ಆಮೇಲೆ ಜೇಬಿನ ಪೆನ್ನು ತೆಗೆದು, ಬಸ್ಸು ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ, ಹಿಂದಿನ ಖಾಲಿ ಹಾಳೆಗಳ ಮೇಲೆ ನಾಲ್ಕು ನಾಲ್ಕು ಗೆರೆ ಎಳೆಯುತ್ತಾ ಹೋದರು. ದೊಮ್ಮಸಂದ್ರ ಬರುವ ಹೊತ್ತಿಗೆ ಆರು ಹಾಳೆ ತುಂಬಿತ್ತು.

ಎಚ್ಚರಗೊಂಡ ಮಗಳು ಅದನ್ನು ನೋಡಿ, ‘ಇವತ್ತಿಂದ ಮುಟ್ಟಬಾರದು ಅಂದಿದ್ರಲ್ಲಪ್ಪ’ ಎಂದಳು.

‘ಪರೀಕ್ಷೆ ಆಗೋವರೆಗೆ’ ಎಂದರು ಅಪ್ಪ. ವಿಜ್ಞಾನದ ಮಾತು ಎತ್ತಲಿಲ್ಲ. ‘ಅಲ್ಲಿವರೆಗೆ ಗೆರೆ ಎಲ್ಲೂ ಹೋಗಲ್ಲ.’

ಮನೆಯಲ್ಲಿ ಅಮ್ಮ ಮೆಷಿನ್ನಿನ ಮುಂದೆಯೇ ಇದ್ದರು. ಎಷ್ಟು ಜನ ಬಂದಿದ್ದರು, ಏನೇನು ಇತ್ತು ಎಂದೇನೂ ಅವರು ಕೇಳಲಿಲ್ಲ. ಮಗಳನ್ನು ದೀಪದ ಕೆಳಗೆ ತಿರುಗಿಸಿ ನಿಲ್ಲಿಸಿ, ಕಂಕುಳಿನ ಜೋಡಣೆಯನ್ನು ಬೆರಳಿನಿಂದ ಸವರಿ ನೋಡಿದರು.

‘ಹೊಲಿಗೆ ಎಲ್ಲೂ ಬಿಟ್ಟಿಲ್ಲ’ ಎಂದರು.